ಕಿಸೆಚಾಕಿನ ಜೀವ ಅದರ ಕೀಲಿನಲ್ಲಿದೆ

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನವನು. ಸಕ್ಕರೆ ಕಾರ್ಖಾನೆಯೊಂದರ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದೇನೆ. ಅಜ್ಜನಿಂದ ಬಂದ ಎರಡು ಅಲಗಿನ ಹಳೆಯ ಇಂಗ್ಲಿಷ್ ಮಡಚುಚಾಕು, ಒಂದು ಸ್ವಿಸ್ ಚಾಕು ಮತ್ತು ಫ್ರಾನ್ಸಿನ ಒಂದು ಒಪಿನೆಲ್ ಮಡಚುಚಾಕು ನನ್ನ ಬಳಿ ಇವೆ. ಇವುಗಳಿಂದ ಶುರುವಾದ ಆಸಕ್ತಿ ಈಗ ಸಂಗ್ರಹಿಸುವ, ಹಿಡಿ ಬದಲಿಸುವ, ಕೊನೆಗೆ ಸ್ವತಃ ಮಾಡುವ ಆಸೆಯಾಗಿ ಬೆಳೆದಿದೆ. ಹಳೆಯ ಚಾಕು ಕೊಳ್ಳುವಾಗ ಏನನ್ನು ನೋಡಬೇಕು? ಹಿಡಿಗೆ ಯಾವ ವಸ್ತು ಒಳ್ಳೆಯದು? ಲಾರಿಯ ಪಾಟಾದಿಂದ, ಅಂದರೆ ಅದರ ಅಡಿಯ ಸ್ಪ್ರಿಂಗ್ ಪಟ್ಟಿಯಿಂದ, ನಮ್ಮೂರ ಕಂಬಾರಸಾಲೆಯಲ್ಲಿ ಅಲಗು ಮಾಡಿಸಿದರೆ ಆದೀತೆ? ಇದಕ್ಕೆ ಕಾನೂನಿನ ಅಡ್ಡಿ ಇದೆಯೆ?

ಉತ್ತರ: ಕೊಳ್ಳುವುದು, ಬದಲಿಸುವುದು, ಮಾಡುವುದು ಎಂದು ನೀವು ಬೇರೆಬೇರೆಯಾಗಿ ಕೇಳಿದ್ದೀರಿ. ಆದರೆ ಈ ಮೂರಕ್ಕೂ ಬೇಕಾದ ತಿಳಿವಳಿಕೆ ಒಂದೇ, ಅದು ಕೀಲಿನದು. ಈ ಹವ್ಯಾಸಕ್ಕೆ ಬರುವವರಲ್ಲಿ ಹೆಚ್ಚಿನವರು ಮೊದಲು ಅಲಗಿನ ಉಕ್ಕನ್ನು ಕುರಿತು ಓದುತ್ತಾರೆ, ಆಮೇಲೆ ಹಿಡಿಯ ಅಂದಕ್ಕೆ ಮನಸೋಲುತ್ತಾರೆ, ಕೀಲಿನ ಕಡೆಗೆ ಕೊನೆಗೆ ತಿರುಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಕ್ರಮ ತಿರುವುಮುರುವಾಗಬೇಕು. ಸಾಧಾರಣ ಉಕ್ಕಿನ ಅಲಗು ಸಾಣೆಯಿಂದ ಸುಧಾರಿಸುತ್ತದೆ, ಒಡೆದ ಹಿಡಿಯನ್ನು ಬದಲಿಸಬಹುದು, ಆದರೆ ಕೀಲು ಕೆಟ್ಟ ಚಾಕು ಎಷ್ಟೇ ಬೆಲೆಯದ್ದಾದರೂ ಕೈಗೆ ನಂಬಿಕೆ ಕೊಡುವುದಿಲ್ಲ. ನೀವು ಫಿಟರ್ ಆಗಿರುವುದು ಇಲ್ಲಿ ದೊಡ್ಡ ಅನುಕೂಲ. ಅರ ಹಿಡಿಯುವ ಅಭ್ಯಾಸವೂ ಕೂದಲೆಳೆಯ ವ್ಯತ್ಯಾಸವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಓದುವ ಅಭ್ಯಾಸವೂ ಇರುವವರಿಗೆ ಈ ಕೆಲಸದ ಅರ್ಧ ದಾರಿ ಆಗಲೇ ಸಂದಿರುತ್ತದೆ.

ನಿಮ್ಮ ಅಜ್ಜನ ಚಾಕನ್ನೇ ಮೊದಲ ಪಾಠವಾಗಿ ತೆಗೆದುಕೊಳ್ಳಿ. ಅದರಲ್ಲಿ ಅಲಗನ್ನು ಹಿಡಿದಿಡುವ ಬೀಗ ಯಾವುದೂ ಇರಲಾರದು. ಹಿಡಿಯ ಬೆನ್ನಿನಲ್ಲಿ ಉದ್ದಕ್ಕೂ ಮಲಗಿರುವ ಒಂದು ಉಕ್ಕಿನ ಪಟ್ಟಿಯೇ ಸ್ಪ್ರಿಂಗ್. ಅಲಗಿನ ಬುಡದ ಮೇಲೆ ಅದು ಸದಾ ಒತ್ತುತ್ತಿರುತ್ತದೆ, ಬುಡದಲ್ಲಿ ಅರದಿಂದ ತೆಗೆದ ಚಪ್ಪಟೆ ಮುಖಗಳ ಮೇಲೆ ಕುಳಿತಾಗ ಅಲಗು ನಿಲ್ಲುತ್ತದೆ. ಅಲಗನ್ನು ನಿಧಾನವಾಗಿ ತೆರೆಯುತ್ತ ಹೋಗಿ ಹೆಬ್ಬೆರಳನ್ನು ಹಿಡಿಯ ಬೆನ್ನಿನ ಮೇಲೆ ಇಟ್ಟುಕೊಳ್ಳಿ. ಸ್ಪ್ರಿಂಗ್ ಮೇಲೇಳುವುದೂ ಮತ್ತೆ ಇಳಿಯುವುದೂ ಬೆರಳಿಗೆ ತಿಳಿಯುತ್ತದೆ. ಚೆನ್ನಾಗಿ ಮಾಡಿದ ಚಾಕಿನಲ್ಲಿ ಪೂರ್ತಿ ಮಡಚಿದಾಗ ಮತ್ತು ಪೂರ್ತಿ ತೆರೆದಾಗ, ಕೆಲವು ಮಾದರಿಗಳಲ್ಲಿ ಅರ್ಧ ತೆರೆದಾಗಲೂ, ಸ್ಪ್ರಿಂಗಿನ ಬೆನ್ನು ಹಿಡಿಯೊಳಗಿನ ಲೋಹದ ಒಳಪಟ್ಟಿಗಳ ಅಂಚಿಗೆ ಸರಿಸಮವಾಗಿ ಕೂರುತ್ತದೆ, ಉಗುರಿನಿಂದ ಅಡ್ಡ ಸವರಿದರೆ ಮೆಟ್ಟಿಲು ಸಿಗುವುದಿಲ್ಲ. ತೆರೆದು ನಿಂತಾಗ ಬರುವ ಶಬ್ದವೂ ಗಟ್ಟಿಯಾಗಿ ಒಂದೇ ಸಲ ಬರಬೇಕು. ಮಂದವಾಗಿ ಬಂದರೆ ಸ್ಪ್ರಿಂಗ್ ಸೋತಿದೆ ಇಲ್ಲವೆ ಕೀಲಿನಲ್ಲಿ ಕೊಳೆ ತುಂಬಿದೆ ಎಂದು ತಿಳಿಯಬೇಕು.

ಹಳೆಯ ಚಾಕು ಕೊಳ್ಳುವಾಗಲೂ ಇದೇ ಪರೀಕ್ಷೆ. ಇದರ ಜೊತೆಗೆ ತೆರೆದ ಅಲಗನ್ನು ಎಡಬಲಕ್ಕೆ ಮೆಲ್ಲಗೆ ಅಲುಗಾಡಿಸಿ. ಕೂದಲೆಳೆಯಷ್ಟು ಸಡಿಲವಿದ್ದರೆ ಕೀಲಿನ ರಿವೆಟನ್ನು ಹಗುರವಾಗಿ ಬಡಿದು ಬಿಗಿಗೊಳಿಸಬಹುದು. ಆದರೆ ಅಲಗು ಮೇಲೆಕೆಳಗೆ ಆಡುತ್ತಿದ್ದರೆ ಬುಡದ ಮುಖಗಳೋ ಕೀಲಿನ ರಂಧ್ರವೋ ಸವೆದಿದೆ ಎಂದರ್ಥ, ಅದಕ್ಕೆ ಸುಲಭದ ರಿಪೇರಿ ಇಲ್ಲ. ಆಮೇಲೆ ಮಡಚಿದ ಚಾಕನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಅಲಗಿನ ಬುಡದಲ್ಲಿ, ಬಾಯಿ ಶುರುವಾಗುವ ಮೊದಲು, ಒಂದು ಸಣ್ಣ ಉಬ್ಬು ಇರುತ್ತದೆ. ಮಡಚಿದಾಗ ಸ್ಪ್ರಿಂಗಿನ ಮೇಲೆ ಕೂರುವುದು ಆ ಉಬ್ಬು, ಹರಿತವಾದ ಬಾಯಿಯಲ್ಲ. ಯಾರೋ ಸಾಣೆಗಾರರು ಆ ಉಬ್ಬನ್ನೂ ಕಲ್ಲಿಗೆ ತಾಗಿಸಿ ಸವೆಸಿದ್ದರೆ ಬಾಯಿ ಒಳಗೆ ಸ್ಪ್ರಿಂಗಿಗೆ ಬಡಿದು ನಡುವೆ ಒಂದು ಕಡೆ ಮೊಂಡಾಗಿರುತ್ತದೆ. ನೋಡಲು ಥಳಥಳಿಸುವ ಎಷ್ಟೋ ಚಾಕುಗಳು ಈ ಒಂದು ಕಾರಣಕ್ಕೆ ಬೆಲೆ ಕಳೆದುಕೊಂಡಿರುತ್ತವೆ.

ಅಲಗಿನ ಬುಡದ ಮೇಲಿನ ಮುದ್ರೆಯನ್ನು ಓದುವುದು ಸಂಗ್ರಹದ ಇನ್ನೊಂದು ಮುಖ್ಯ ಕೆಲಸ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಚಾಕುಗಳು ವಸಾಹತು ಕಾಲದಲ್ಲಿ ನಮ್ಮ ದೇಶಕ್ಕೆ ಬಹಳವಾಗಿ ಬಂದವು. ದಂಡಿನ ಊರಾದ ಬೆಳಗಾವಿಯ ಹಳೆಯ ಮನೆಗಳಲ್ಲಿ ಇಂದಿಗೂ ಒಂದೊಂದು ಹೊರಬೀಳುತ್ತದೆ. ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆಯ ಜೋಡಿ ಗುರುತು ಕಂಡರೆ ಅದು ಶೆಫೀಲ್ಡಿನ ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಅವರದು. ಆದರೆ ಪ್ರಸಿದ್ಧ ಗುರುತನ್ನು ನಕಲು ಮಾಡುವ ಚಾಳಿಯೂ ಅಷ್ಟೇ ಹಳೆಯದಾದ್ದರಿಂದ ಮುದ್ರೆಯೊಂದನ್ನೇ ನಂಬಬೇಡಿ. ಅಕ್ಷರಗಳ ಅಂಚು ಚೂಪಾಗಿದೆಯೇ, ಸಾಲು ನೇರವಾಗಿದೆಯೇ ಎಂದು ಭೂತಗಾಜಿನಲ್ಲಿ ನೋಡಿ. ದೇಶದ ಹೆಸರು ಮುದ್ರೆಯಲ್ಲಿ ಇದೆಯೇ ಎಂಬುದು ಕಾಲವನ್ನು ಊಹಿಸಲು ಸ್ವಲ್ಪ ನೆರವಾಗುತ್ತದೆ. 1890ರ ಅಮೆರಿಕದ ಸುಂಕ ಕಾನೂನು ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರನ್ನು ಕಡ್ಡಾಯ ಮಾಡಿತು, ಆಮೇಲಿನ ಚಾಕುಗಳಲ್ಲಿ ಇಂಗ್ಲೆಂಡ್, ಜರ್ಮನಿ ಎಂಬ ಹೆಸರು ಹೆಚ್ಚಾಗಿ ಕಾಣಿಸುತ್ತದೆ. ಭಾರತಕ್ಕೆ ಬಂದ ಸರಕಿಗೆ ಆ ಕಾನೂನು ನೇರವಾಗಿ ಸಂಬಂಧಿಸದ ಕಾರಣ ಇದನ್ನು ಸುಳಿವಾಗಿ ಮಾತ್ರ ಇಟ್ಟುಕೊಳ್ಳಿ.

ಏನನ್ನು ಸಂಗ್ರಹಿಸಬೇಕು ಎಂಬುದಕ್ಕೆ ನನ್ನ ಸಲಹೆ, ಕಂಡದ್ದನ್ನೆಲ್ಲ ಕೊಳ್ಳದೆ ಒಂದು ಎಳೆಯನ್ನು ಹಿಡಿಯಿರಿ. ಕೀಲಿನ ಬೆಳವಣಿಗೆಯನ್ನೇ ಎಳೆಯಾಗಿ ಹಿಡಿದರೆ ಕಡಿಮೆ ಖರ್ಚಿನಲ್ಲಿ ಅರ್ಥಪೂರ್ಣ ಸಂಗ್ರಹವಾಗುತ್ತದೆ. ಸ್ಪ್ರಿಂಗೂ ಬೀಗವೂ ಇಲ್ಲದೆ ಬರೀ ಬಿಗಿತದಿಂದ ನಿಲ್ಲುವ ಕೀಲು ಎಲ್ಲಕ್ಕಿಂತ ಸರಳವಾದದ್ದು, ಊರಿನ ಕ್ಷೌರಿಕರ ಹಳೆಯ ಮಡಚುಗತ್ತಿ ಇದೇ ಜಾತಿಗೆ ಸೇರುತ್ತದೆ. ಜಪಾನಿನ ಮಿಕಿ ಪಟ್ಟಣದಲ್ಲಿ 1890ರ ದಶಕದಿಂದ ತಯಾರಾಗುತ್ತಿರುವ ಹಿಗೊನೊಕಾಮಿ ಕೂಡ ಹಾಗೆಯೇ, ಅದರಲ್ಲಿ ಅಲಗಿನ ಬುಡದಿಂದ ಹೊರಚಾಚಿದ ಸಣ್ಣ ನಾಲಗೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ಫ್ರಾನ್ಸಿನ ಸವೋಯ್ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಚಾಕು ಸಹ ಮೊದಲಿಗೆ ಬರೀ ಬಿಗಿತದ್ದೇ ಆಗಿತ್ತು. ನಿಮ್ಮ ಬಳಿಯಿರುವ ಒಪಿನೆಲ್ಲಿನಲ್ಲಿ ಕೀಲಿನ ಸುತ್ತ ತಿರುಗುವ ಉಂಗುರವಿದ್ದರೆ ಅದು 1955ರಲ್ಲಿ ಸೇರಿದ ಬೀಗ. ಕಾರ್ಲ್ ಎಲ್ಸೆನರ್ 1884ರಲ್ಲಿ ಸ್ವಿಟ್ಜರ್ಲೆಂಡಿನ ಈಬಾಖ್‌ನಲ್ಲಿ ಕಾರ್ಯಾಗಾರ ತೆರೆದು 1897ರಲ್ಲಿ ನೋಂದಾಯಿಸಿದ ಅಧಿಕಾರಿಗಳ ಚಾಕಿನಲ್ಲಿ ಬೆನ್ನಿನ ಸ್ಪ್ರಿಂಗಿನ ಎರಡೂ ಬದಿಯನ್ನು ಉಪಯೋಗಿಸಿಕೊಂಡ ಜಾಣ್ಮೆಯಿದೆ. 1960ರ ದಶಕದಲ್ಲಿ ಅಮೆರಿಕದ ಬಕ್ 110 ಎಂಬ ಮಡಚುಚಾಕು, ಹಿಡಿಯ ಬೆನ್ನನ್ನು ಒತ್ತಿ ಬಿಡಿಸುವ ಬೆನ್ನುಬೀಗವನ್ನು ಜನಪ್ರಿಯಗೊಳಿಸಿತು. 1980ರ ದಶಕದ ಆರಂಭದಲ್ಲಿ ಅಮೆರಿಕದ ಚಾಕು ತಯಾರಕ ಮೈಕೆಲ್ ವಾಕರ್ ಒಳಪಟ್ಟಿಯನ್ನೇ ಬಗ್ಗಿಸಿ ಅಲಗಿನ ಹಿಂದೆ ಬಂದು ಕೂರುವ ಲೈನರ್ ಬೀಗವನ್ನು ಇಂದಿನ ರೂಪಕ್ಕೆ ತಂದರು. ಈ ಆರು ಬಗೆಗಳಿಂದ ಒಂದೊಂದು ಚಾಕು ಸಾಕು.

ನಮ್ಮ ಜಿಲ್ಲೆಗಳಿಗೇ ಸೇರಿದ ಇನ್ನೊಂದು ಎಳೆಯಿದೆ, ಅದನ್ನು ಯಾರೂ ಸಂಗ್ರಹಿಸುತ್ತಿಲ್ಲವೆಂಬ ಕೊರಗು ನನಗಿದೆ. ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಲ್ಲಿ ಡಾಗ್ರಿಡ್ಜ್ ಬೇರುಗಿಡದ ಮೇಲೆ ಕಸಿ ಕಟ್ಟುವವರ ಕಿಸೆಯಲ್ಲಿರುವ ಕಸಿಚಾಕು, ಇಂಡಿಯ ನಿಂಬೆ ತೋಟದವರು ಮತ್ತು ಬಾಗಲಕೋಟೆಯ ದಾಳಿಂಬೆ ಬೆಳೆಗಾರರು ಇಟ್ಟುಕೊಳ್ಳುವ ಸಣ್ಣ ಮಡಚುಚಾಕುಗಳು, ಇವೆಲ್ಲ ದುಡಿಮೆಯ ಚಾಕುಗಳು. ಕಸಿಚಾಕಿನ ಅಲಗನ್ನು ಒಂದೇ ಬದಿಯಲ್ಲಿ ಸಾಣೆ ಹಿಡಿದಿರುತ್ತಾರೆ, ಇನ್ನೊಂದು ಬದಿ ಪೂರ್ತಿ ಚಪ್ಪಟೆ. ಹಾಗಿದ್ದರೆ ಮಾತ್ರ ಕೊಯ್ದ ಮೈ ಸಮತಟ್ಟಾಗಿ ಬಂದು ಕಸಿಕಡ್ಡಿಯೂ ಬೇರುಗಿಡವೂ ಸಂದಿಲ್ಲದೆ ಕೂಡುತ್ತವೆ. ಕೆಲವು ಚಾಕುಗಳಲ್ಲಿ ಸಿಪ್ಪೆ ಬಿಡಿಸಲು ಹಿತ್ತಾಳೆಯ ಅಥವಾ ಕೊಂಬಿನ ಸಣ್ಣ ನಾಲಗೆಯೂ ಇರುತ್ತದೆ. ಸವೆದ ಚಾಕನ್ನು ರೈತರು ಎಸೆಯುವ ಮೊದಲು ಕೇಳಿ ಪಡೆದು, ಯಾವ ಊರಿನ ಯಾವ ಬೆಳೆಗೆ ಬಳಕೆಯಾಗಿತ್ತು ಎಂದು ಒಂದು ಚೀಟಿ ಬರೆದಿಟ್ಟರೆ ಅದು ಬೆಲೆಬಾಳುವ ಶೆಫೀಲ್ಡ್ ಚಾಕಿಗಿಂತ ಹೆಚ್ಚಿನದನ್ನು ಮುಂದಿನವರಿಗೆ ಹೇಳುತ್ತದೆ.

ಅಜ್ಜನ ಚಾಕನ್ನು ಯಾವ ಕಾರಣಕ್ಕೂ ಹೊಳಪು ಕೊಡುವ ಬಫ್ ಚಕ್ರಕ್ಕೆ ಹಿಡಿಯಬೇಡಿ. ಅಲಗಿನ ಮೇಲಿನ ಬೂದುಗಪ್ಪು ಪದರ ಉಕ್ಕಿಗೆ ರಕ್ಷಣೆ, ತೆಗೆಯಬೇಕಾದದ್ದು ಕೆಂಪು ತುಕ್ಕು ಮಾತ್ರ. ತೆಳು ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಿತ್ತಾಳೆಯ ಚೂರಿನಿಂದ ಕೆರೆದರೆ ಕೆಂಪು ಬಿಡುತ್ತದೆ, ಅಡಿಯ ಉಕ್ಕಿಗೆ ಗೀರು ಬೀಳುವುದಿಲ್ಲ. ಕೀಲಿಗೆ ಸೀಮೆಎಣ್ಣೆ ಬಿಟ್ಟು ಹತ್ತಾರು ಸಲ ತೆರೆದು ಮಡಚಿ, ಕರಿಮಣ್ಣಿನ ದೂಳು ಹೊರಬಂದ ಮೇಲೆ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಹಾಕಿ. ಹಣ್ಣು ಕೊಯ್ಯುವ ಚಾಕಾದರೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಉತ್ತಮ. ಅಜ್ಜನ ಚಾಕಿನ ಹಿಡಿ ಆಮೆಚಿಪ್ಪಿನ ಹಾಗೆ ಅಥವಾ ಮುತ್ತಿನ ಹಾಗೆ ಹೊಳೆಯುವ ಹಳೆಯ ಪ್ಲಾಸ್ಟಿಕ್ ಆಗಿದ್ದರೆ ಅದು ಸೆಲ್ಯುಲಾಯ್ಡ್ ಇರಬಹುದು. ಸೆಲ್ಯುಲಾಯ್ಡ್ ಹಳತಾದಂತೆ ಆಮ್ಲದ ಆವಿ ಬಿಡುತ್ತದೆ, ಪಕ್ಕದ ಚಾಕುಗಳಿಗೂ ತುಕ್ಕು ಹಿಡಿಸುತ್ತದೆ, ಬೆಂಕಿಯಂತೂ ಸುಲಭವಾಗಿ ಹತ್ತುತ್ತದೆ. ಅಂಥದನ್ನು ಗಾಳಿಯಾಡುವ ಕಡೆ ಬೇರೆಯಾಗಿಡಿ.

ಕಾನೂನಿನ ವಿಷಯದಲ್ಲಿ ಭಯವೂ ಬೇಡ, ಅಸಡ್ಡೆಯೂ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು ಗುರುತಿಸುವ ಹರಿತ ಆಯುಧಗಳಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳು ಸೇರುತ್ತವೆ. ಮನೆ, ಕೃಷಿ, ವಿಜ್ಞಾನ ಮತ್ತು ಕೈಗಾರಿಕೆಯ ಬಳಕೆಗೆಂದೇ ರೂಪಿಸಿದವು ಅದಕ್ಕೆ ಹೊರತು. 3 ಇಂಚಿನ ಕಿಸೆಚಾಕು ಈ ಅಳತೆಗೆ ಬಹಳ ಕೆಳಗಿದೆ. ಆದರೂ ಗುಂಡಿ ಒತ್ತಿದರೆ ಚಿಮ್ಮುವ ಚಾಕನ್ನು ಕೊಳ್ಳಲೂ ಬೇಡಿ, ಮಾಡಲೂ ಬೇಡಿ. ಕೇಂದ್ರ ಸರ್ಕಾರ ಕಾಯ್ದೆಯ 4ನೇ ಕಲಮಿನಡಿ ಆಯಾ ಪ್ರದೇಶಕ್ಕೆ ಅಧಿಸೂಚನೆ ಹೊರಡಿಸಿ ಸಣ್ಣ ಅಲಗುಗಳನ್ನೂ ಪರವಾನಗಿಯ ವ್ಯಾಪ್ತಿಗೆ ತರಬಹುದು, ದೆಹಲಿಯಲ್ಲಿ ಗುಂಡಿಯ ಮತ್ತು ಸ್ಪ್ರಿಂಗಿನಿಂದ ಚಿಮ್ಮುವ ಚಾಕುಗಳ ಮೇಲೆ ಅಂಥ ನಿರ್ಬಂಧವಿದೆ. ಚುನಾವಣೆ, ಮೆರವಣಿಗೆ, ಗಡಿ ವಿವಾದದ ಬಿಸಿ ಇರುವ ದಿನಗಳಲ್ಲಿ ನಮ್ಮ ಕಡೆ ನಿಷೇಧಾಜ್ಞೆ ಹೊರಡುವುದು ನಿಮಗೆ ಗೊತ್ತೇ ಇದೆ. ಆಗ ಯಾವ ಅಳತೆಯ ಚಾಕನ್ನೂ ಹೊರಗೆ ಒಯ್ಯಬೇಡಿ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹೋಗುವುದಾದರೆ ಚಾಕು ಕೈಚೀಲದಲ್ಲಲ್ಲ, ಚೆಕ್‌ಇನ್ ಸಾಮಾನಿನಲ್ಲಿ ಇರಬೇಕು. ವಿಜಯಪುರದ ಹಳೇ ಸಾಮಾನಿನವರು ಆದಿಲ್‌ಶಾಹಿ ಕಾಲದ ಕಠಾರಿ ಎಂದು ಏನನ್ನಾದರೂ ತೋರಿಸಿದರೆ ಮುಟ್ಟದಿರುವುದೇ ಕ್ಷೇಮ. ಅದು ನಕಲಿಯಾಗಿದ್ದರೆ ಹಣ ಹೋಗುತ್ತದೆ. ನಿಜವಾಗಿದ್ದರೆ 100 ವರ್ಷ ಮೀರಿದ ಐತಿಹಾಸಿಕ ವಸ್ತುವಾಗಿ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಗೆ ಒಳಪಡುತ್ತದೆ.

ಹಿಡಿಯ ವಸ್ತುವಿಗೂ ಕಾನೂನಿನ ನಂಟಿದೆ. ಹಳೆಯ ಯುರೋಪಿನ ಚಾಕುಗಳಲ್ಲಿ ಭಾರತದ ಕಡವೆಯ ಕೊಂಬು ಬಹಳ ಮೆಚ್ಚಿನ ವಸ್ತುವಾಗಿತ್ತು. ಇಂದು ಜಿಂಕೆ, ಕಡವೆಗಳ ಕೊಂಬನ್ನು ಇಟ್ಟುಕೊಳ್ಳುವುದೂ ಮಾರುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಖಾನಾಪುರದ ಕಾಡಿನಲ್ಲಿ ತಾನಾಗಿ ಉದುರಿದ್ದು ಸಿಕ್ಕಿತು ಎಂದರೂ ವಿನಾಯಿತಿ ಇಲ್ಲ. ಬೀಟೆ ಮರದ ಚೂರು ಬೇಕಾದರೆ ಪೀಠೋಪಕರಣ ಮಾಡುವವರಿಂದ ರಸೀದಿ ಸಹಿತ ಪಡೆಯಿರಿ. ನನ್ನನ್ನು ಕೇಳಿದರೆ, ಬಯಲುಸೀಮೆಯಲ್ಲಿ ಕಣ್ಣೆದುರೇ ಇರುವ ಹುಣಸೆಯ ಚೇಗು ಯಾವ ಆಮದು ಮರಕ್ಕೂ ಕಡಿಮೆಯಿಲ್ಲ. ಅದರ ಕಂದುನೇರಳೆ ಬಣ್ಣ ಎಣ್ಣೆ ಹಚ್ಚಿದ ಮೇಲೆ ಇನ್ನಷ್ಟು ಗಾಢವಾಗುತ್ತದೆ, ನಾರು ಬಿಗಿಯಾಗಿರುವುದರಿಂದ ತೆಳ್ಳಗೆ ಮಾಡಿದರೂ ಅಂಚು ಚಕ್ಕೆ ಏಳುವುದಿಲ್ಲ. ಕಡಿದ ಮರ ಒಂದೆರಡು ವರ್ಷ ನೆರಳಿನಲ್ಲಿ ಒಣಗಿರಬೇಕು ಎಂಬುದೊಂದೇ ಷರತ್ತು.

ಮರ ಒಗ್ಗದಿದ್ದರೆ ಬಟ್ಟೆ ಮತ್ತು ರೆಸಿನ್ನಿನ ಹಲಗೆಯನ್ನು ಮನೆಯಲ್ಲೇ ಮಾಡಬಹುದು, ಚಾಕು ಮಾಡುವವರು ಇದನ್ನು ಮೈಕಾರ್ಟಾ ಎನ್ನುತ್ತಾರೆ. ಹಳೆಯ ಹತ್ತಿ ಬಟ್ಟೆಯನ್ನು ತೊಳೆದು, ಗಂಜಿ ಪೂರ್ತಿ ಹೋದ ಮೇಲೆ ಒಣಗಿಸಿ, ಅಂಗೈ ಅಗಲದ ತುಂಡುಗಳಾಗಿ ಕತ್ತರಿಸಿಕೊಳ್ಳಿ. ಒಂದೊಂದು ತುಂಡನ್ನೂ ನಿಧಾನವಾಗಿ ಗಟ್ಟಿಯಾಗುವ ಇಪಾಕ್ಸಿ ರೆಸಿನ್ನಿನಲ್ಲಿ ಪೂರ್ತಿ ನೆನೆಸಿ ಒಂದರ ಮೇಲೊಂದು ಇಟ್ಟು, ಮೇಲೆ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದ ಎರಡು ಹಲಗೆಗಳ ನಡುವೆ ವೈಸಿನಲ್ಲಿ ಬಿಗಿಯಿರಿ. ಹೆಚ್ಚಿನ ರೆಸಿನ್ ಅಂಚಿನಿಂದ ಹೊರಬರಬೇಕು, ಗುಳ್ಳೆಗಳೂ ಅದರ ಜೊತೆ ಬರಬೇಕು. ಪೂರ್ತಿ ಗಟ್ಟಿಯಾದ ಮೇಲೆ ಅರ ಹಾಕಿ ಇಳಿಜಾರು ತೆಗೆದರೆ ಬಟ್ಟೆಯ ಪದರಗಳು ಗೆರೆಗೆರೆಯಾಗಿ ಕಾಣುತ್ತವೆ. ಗುಳೇದಗುಡ್ಡದ ಖಣದ ಹಳೆಯ ಚೂರುಗಳನ್ನು ನಡುನಡುವೆ ಸೇರಿಸಿದರೆ ಆ ಗೆರೆಗಳಲ್ಲಿ ಕೆಂಪು ಹಸಿರಿನ ಅಂಚು ಮಿಂಚುತ್ತದೆ, ಇಳಕಲ್ಲಿನ ಸೀರೆಯ ಹತ್ತಿಯ ಮೈಭಾಗವಾದರೆ ಒಂದೇ ಬಣ್ಣದ ಗಂಭೀರ ಹಿಡಿ ಸಿಗುತ್ತದೆ. ಇಷ್ಟು ಶ್ರಮ ಬೇಡವೆಂದರೆ ಎಲೆಕ್ಟ್ರಿಕಲ್ ಪ್ಯಾನೆಲ್ಲಿಗೆ ಬಳಸುವ ಕಂದು ಹೈಲಂ ಶೀಟು ನಿಮ್ಮ ಕಾರ್ಖಾನೆಯ ಗುಜರಿಯಲ್ಲೇ ಇರುತ್ತದೆ, ಅದೂ ಇದೇ ಜಾತಿಯ ವಸ್ತು. ಎರಡನ್ನೂ ಉಜ್ಜುವಾಗ ಏಳುವ ದೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಒಳ್ಳೆಯ ಮಾಸ್ಕ್ ಇಲ್ಲದೆ, ನೀರು ಹಾಕದೆ ಉಜ್ಜಬೇಡಿ.

ಹಿಡಿ ಬದಲಿಸುವುದನ್ನು ಸ್ವಿಸ್ ಚಾಕಿನಿಂದ ಶುರುಮಾಡಿ, ಅಜ್ಜನ ಚಾಕನ್ನು ಅದಕ್ಕೆ ಒಡ್ಡಬೇಡಿ. 91 ಮಿಲಿಮೀಟರಿನ ಮಾಮೂಲಿ ಮಾದರಿಯಲ್ಲಿ ಕೆಂಪು ಹೊರಪಟ್ಟಿಗಳು ಕೀಲಿನ ರಿವೆಟುಗಳ ತಲೆಗೆ ಒತ್ತಿ ಕೂತಿರುತ್ತವೆ, ಅಷ್ಟೆ. ತೆಳು ಅಲಗನ್ನು ಸಂದಿಗೆ ತೂರಿಸಿ ಸುತ್ತಲೂ ನಿಧಾನವಾಗಿ ಎಬ್ಬಿಸಿದರೆ ಬಿಟ್ಟುಕೊಳ್ಳುತ್ತವೆ. ಹೊಸ ಪಟ್ಟಿಯ ಒಳಮೈಯಲ್ಲಿ ರಿವೆಟ್ ತಲೆಗಳಿಗೆ ಸರಿಯಾಗಿ ಕುಳಿ ತೋಡಿ ಇಪಾಕ್ಸಿಯಿಂದ ಅಂಟಿಸಬೇಕು. ಕೀಲನ್ನು ಮುಟ್ಟದೆಯೇ ಮುಗಿಯುವ ಕೆಲಸ ಇದು, ಆದ್ದರಿಂದಲೇ ಮೊದಲ ಹೆಜ್ಜೆಗೆ ಯೋಗ್ಯ. ಒಪಿನೆಲ್ಲಿನ ಬೀಚ್ ಮರದ ಹಿಡಿ ಬೆಳಗಾವಿಯ ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತದೆ, ಅಲಗು ಹೊರಬರಲು ಹಟ ಮಾಡುತ್ತದೆ, ವಿಜಯಪುರದ ಬೇಸಿಗೆಯಲ್ಲಿ ಅದೇ ಚಾಕು ಸಲೀಸಾಗುತ್ತದೆ. ಹಿಡಿಯ ವಾರ್ನಿಷನ್ನು ಮರಳು ಕಾಗದದಿಂದ ತೆಗೆದು ಅಗಸೆ ಎಣ್ಣೆಯನ್ನು ತೆಳುವಾಗಿ ಹಲವು ಸಲ, ಪ್ರತಿ ಸಲವೂ ಒಣಗಲು ಬಿಟ್ಟು ಹಚ್ಚಿದರೆ ಈ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆ ಒಣಗುವಾಗ ಹುಟ್ಟುವ ಬಿಸಿಗೆ ಅದು ತಾನಾಗಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹರವಿ ಒಣಗಿಸಿ.

ಇನ್ನು ಮಾಡುವ ಮಾತು. ಲಾರಿಯ ಪಾಟಾದಿಂದ ಅಲಗು ಆಗುತ್ತದೆ, ನಮ್ಮ ಕಂಬಾರರು ಕುಡಗೋಲು, ಕೊಡಲಿಗಳನ್ನು ಅದರಿಂದಲೇ ಬಡಿಯುತ್ತ ಬಂದಿದ್ದಾರೆ. ಪಾಟಾ ಹೆಚ್ಚಾಗಿ ಇಎನ್ 45 ವರ್ಗದ ಸಿಲಿಕಾನ್ ಬೆರೆತ ಸ್ಪ್ರಿಂಗ್ ಉಕ್ಕು, ಇಂಗಾಲ ಶೇಕಡಾ 0.5ರಿಂದ 0.6ರಷ್ಟು. ಪೆಟ್ಟು ತಡೆಯುವ ಕೊಡಲಿಗೆ ಅದು ಹೇಳಿ ಮಾಡಿಸಿದ್ದು. ಕಿಸೆಚಾಕಿನ ತೆಳು ಬಾಯಿ ಬಹುಕಾಲ ಹರಿತ ಉಳಿಸಿಕೊಳ್ಳಬೇಕಾದರೆ ಶೇಕಡಾ 0.75ಕ್ಕಿಂತ ಹೆಚ್ಚು ಇಂಗಾಲ ಬೇಕು. ಅದಕ್ಕಿಂತ ಮುಖ್ಯವಾಗಿ, ವರ್ಷಗಟ್ಟಲೆ ಕಬ್ಬಿನ ಲಾರಿಯಡಿ ಬಾಗಿ ಬಳಲಿದ ಪಾಟಾದೊಳಗೆ ಕಣ್ಣಿಗೆ ಕಾಣದ ಸೀಳುಗಳಿರುತ್ತವೆ. ಎರಡೂವರೆ ಮಿಲಿಮೀಟರಿಗೆ ಇಳಿಸಿ, ಅರ ಹಾಕಿ, ರಂಧ್ರ ಕೊರೆದು ಎಲ್ಲ ಮುಗಿದ ಮೇಲೆ ಎಣ್ಣೆಗೆ ಅದ್ದಿದ ಕ್ಷಣ ಆ ಸೀಳು ಬಾಯಿ ಬಿಡುತ್ತದೆ. ವಾರಗಟ್ಟಲೆಯ ದುಡಿಮೆಯನ್ನು ಗೊತ್ತಿಲ್ಲದ ಉಕ್ಕಿನ ಮೇಲೆ ಹೂಡುವುದು ಸರಿಯಲ್ಲ. ಹೆಚ್ಚು ಇಂಗಾಲದ ಸಿ 80 ಅಥವಾ ಇಎನ್ 42 ಉಕ್ಕಿನ ಹೊಸ ಪಟ್ಟಿಯನ್ನು ಕೊಳ್ಳಿ, ಒಂದು ಮೀಟರಿನಲ್ಲಿ ಹಲವು ಅಲಗು ಮತ್ತು ಸ್ಪ್ರಿಂಗುಗಳಾಗುತ್ತವೆ.

ಮೊದಲ ಚಾಕು ಸ್ಪ್ರಿಂಗ್ ಇಲ್ಲದ, ಬಿಗಿತದ ಕೀಲಿನದಾಗಿರಲಿ. ಕ್ಷೌರದ ಕತ್ತಿಯ ಜಾತಿಯ ಇದರಲ್ಲಿ ಇರುವುದು ಅಲಗು, ಎರಡು ಹಿಡಿಪಟ್ಟಿ, ಒಂದು ಕೀಲು, ಒಂದು ತಡೆಮೊಳೆ ಮಾತ್ರ. ಇದರಲ್ಲಿ ಕೈ ಪಳಗಿದ ಮೇಲೆ ಬೆನ್ನಿನ ಸ್ಪ್ರಿಂಗಿನ ಚಾಕಿಗೆ ಬನ್ನಿ. ಅಲ್ಲಿ ನಿಜವಾದ ಕೆಲಸ ಸುತ್ತಿಗೆಯದಲ್ಲ, ಅರದ್ದು. ಹಾರ್ಡ್‌ಬೋರ್ಡಿನಲ್ಲಿ ಮಾದರಿ ಕತ್ತರಿಸಿ, ಮೊಳೆ ಸಿಕ್ಕಿಸಿ, ಅಲಗು ತಿರುಗಿದಾಗ ಮೊನೆ ಎಲ್ಲಿ ಕೂರುತ್ತದೆ ಎಂದು ನೋಡಿಕೊಂಡ ನಂತರವೇ ಉಕ್ಕಿಗೆ ಕೈಹಾಕಿ. ಕೀಲಿನ ರಂಧ್ರವನ್ನು 2.9 ಮಿಲಿಮೀಟರಿಗೆ ಕೊರೆದು, ರಂಧ್ರವನ್ನು ದುಂಡಗೆ ನುಣುಪು ಮಾಡುವ ರೀಮರಿನಿಂದ 3ಕ್ಕೆ ತನ್ನಿ, ಡ್ರಿಲ್ ಒಂದರಿಂದಲೇ ಬಂದ ರಂಧ್ರ ದುಂಡಗಿರುವುದಿಲ್ಲ. ಅಲಗಿನ ಬುಡದಲ್ಲಿ ಎಲ್ಲ ಮುಖಗಳಿಗೂ ಸ್ವಲ್ಪ ಲೋಹವನ್ನು ಹೆಚ್ಚಾಗಿ ಬಿಟ್ಟಿರಬೇಕು. ಆಮೇಲೆ ತಟ್ಟೆಯೊಂದಕ್ಕೆ ಕೀಲಿನ ಮೊಳೆಯನ್ನೂ ಸ್ಪ್ರಿಂಗಿನ ಎರಡು ಮೊಳೆಗಳನ್ನೂ ನೆಟ್ಟು, ಅಲಗು ಮತ್ತು ಸ್ಪ್ರಿಂಗನ್ನು ಅದರ ಮೇಲೆ ಕೂರಿಸಿ, ಕೀಲಿನ ನೇರಕ್ಕೆ ಸ್ಪ್ರಿಂಗಿನ ಬೆನ್ನಿಗೆ ಡಯಲ್ ಗೇಜಿನ ಮುಳ್ಳನ್ನು ತಾಗಿಸಿ. ಅಲಗು ತೆರೆದಾಗಿನ ಅಳತೆಯನ್ನು ಸೊನ್ನೆ ಮಾಡಿಕೊಳ್ಳಿ. ಮಡಚಿದಾಗ ಮುಳ್ಳು ಹೆಚ್ಚು ತೋರಿಸಿದರೆ ಆ ಮುಖದಲ್ಲಿ ಲೋಹ ಹೆಚ್ಚಿದೆ. ನುಣ್ಣನೆಯ ಅರದಿಂದ ಎರಡೇ ಎರಡು ಎಳೆತ, ಮತ್ತೆ ಅಳತೆ, ಮತ್ತೆ ಎರಡು ಎಳೆತ. ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಭಾಗದೊಳಗೆ ಬಂದಾಗ ನಿಲ್ಲಿಸಿ. ತೆಗೆದ ಲೋಹವನ್ನು ಮರಳಿ ಹಾಕಲಾಗುವುದಿಲ್ಲವಾದ್ದರಿಂದ ಈ ಹಂತದಲ್ಲಿ ಅವಸರಪಟ್ಟವರು ಇನ್ನೊಂದು ಅಲಗು ಮಾಡಬೇಕಾಗುತ್ತದೆ. ಸ್ಪ್ರಿಂಗಿಗೆ ಸುಮಾರು ಒಂದು ಮಿಲಿಮೀಟರಿನ ಮುನ್ನೊತ್ತಡ ಇರುವಂತೆ ಅದನ್ನು ರೂಪಿಸಬೇಕು, ಕಡಿಮೆಯಾದರೆ ಅಲಗು ತೊಯ್ದಾಡುತ್ತದೆ, ಬಹಳವಾದರೆ ಉಗುರು ಕೀಳುತ್ತದೆ.

ಕೂಡಿಸುವಾಗ ಅಲಗಿನ ಬುಡ ಒಳಪಟ್ಟಿಗಳಿಗೆ ಉಜ್ಜದಂತೆ ಸ್ವಲ್ಪ ಸಂದು ಇರಲೇಬೇಕು. ಅಲಗಿನ ದಪ್ಪವನ್ನು ಸ್ಪ್ರಿಂಗಿಗಿಂತ ಕೂದಲೆಳೆಯಷ್ಟು ಕಡಿಮೆ ಮಾಡುವುದು ಒಂದು ಉಪಾಯ. ರಿವೆಟ್ ಬಡಿಯುವಾಗ ಎಣ್ಣೆ ಸವರಿದ ತೆಳು ಕಾಗದದ ಚೂರನ್ನು ನಡುವೆ ಇಟ್ಟು, ಬಡಿದ ಮೇಲೆ ಹರಿದು ತೆಗೆಯುವುದು ಇನ್ನೊಂದು. ರಿವೆಟಿಗೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಕಂಬಿ ಆಗುತ್ತದೆ, ಸುತ್ತಿಗೆ ಸಣ್ಣದಿರಲಿ, ಪೆಟ್ಟು ಹಗುರವಿರಲಿ.

ಹದ ಹಿಡಿಸುವ ಕೆಲಸಕ್ಕೆ ನಿಮ್ಮೂರ ಕಂಬಾರಸಾಲೆಯ ಕುಲುಮೆ ಸಾಕು, ಆದರೆ ಎರಡು ವಿಷಯಗಳನ್ನು ಆ ಹಿರಿಯರ ಜೊತೆ ಮೊದಲೇ ಮಾತಾಡಿಕೊಳ್ಳಿ. ಕಾವನ್ನು ಕಣ್ಣಿನಿಂದಲೇ ಅಳೆಯುವುದು ಅವರ ಜೀವಮಾನದ ವಿದ್ಯೆ, ಆದರೂ ಮಂಕು ಬೆಳಕಿನಲ್ಲಿ ಅಯಸ್ಕಾಂತವನ್ನೂ ಹಿಡಿದು ನೋಡಿ. 770 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ, ಅಲ್ಲಿಂದ ಬಣ್ಣ ಒಂದು ಛಾಯೆ ಏರಿ 800ರಿಂದ 820ರ ಹತ್ತಿರ ಬಂದಾಗ ಅದ್ದಬೇಕು. ಎರಡನೆಯದು, ಕುಡಗೋಲಿಗೆ ನೀರು ನಡೆಯುತ್ತದೆ, ಈ ತೆಳು ಅಲಗಿಗೆ ನಡೆಯುವುದಿಲ್ಲ. ಕುಸುಬೆ ಅಥವಾ ಸೂರ್ಯಕಾಂತಿ ಎಣ್ಣೆಯನ್ನು 50ರಿಂದ 60 ಡಿಗ್ರಿಗೆ ಬೆಚ್ಚಗೆ ಮಾಡಿ, ಆಳದ ಲೋಹದ ಪಾತ್ರೆಯಲ್ಲಿ ತುಂಬಿ, ಮುಚ್ಚಳ ಕೈಗೆಟಕುವಂತೆ ಇಟ್ಟುಕೊಳ್ಳಿ, ಎಣ್ಣೆ ಹೊತ್ತಿದರೆ ಮುಚ್ಚಳವೇ ಉಪಾಯ. ಬಳಸಿದ ಇಂಜಿನ್ ಆಯಿಲ್ ಬೇಡ, ಅದರ ಹೊಗೆ ವಿಷ. ಅದ್ದಿ ತೆಗೆದ ಅಲಗಿನ ಮೇಲೆ ಅರ ಕಚ್ಚದೆ ಜಾರಿದರೆ ಗಡಸು ಬಂದಿದೆ. ಆಗ ಅದು ಗಾಜಿನಷ್ಟು ಪೆಡಸು, ಅದೇ ದಿನ ಓವನ್ನಿನಲ್ಲಿ 200 ಡಿಗ್ರಿಗೆ ಎರಡೆರಡು ಗಂಟೆಯಂತೆ ಎರಡು ಸಲ ಕಾಯಿಸಬೇಕು. ಉಜ್ಜಿ ಬೆಳಗಿದ ಮೈ ಒಣಹುಲ್ಲಿನ ತಿಳಿ ಹಳದಿಗೆ ತಿರುಗಿದರೆ ಸರಿಯಾಯಿತು. ಸ್ಪ್ರಿಂಗಿಗೆ ಬೇಕಾದ್ದು ಗಡಸಲ್ಲ, ಬಾಗಿ ಮರಳುವ ಗುಣ. ಅದನ್ನು ನೀಲಿ ಬಣ್ಣ ಬರುವ ತನಕ, 300 ಡಿಗ್ರಿ ದಾಟಿಸಿ, ಇಳಿಸಬೇಕು. ಹದವಾದ ಅಲಗನ್ನು ಆಮೇಲೆ ಗ್ರೈಂಡರಿಗೆ ಹಿಡಿದಾಗ ಬೆರಳಿಗೆ ಬಿಸಿ ತಾಗಿದ ಕೂಡಲೇ ನೀರಿಗೆ ಅದ್ದಿ. ಬಾಯಿ ಒಮ್ಮೆ ನೀಲಿಯಾದರೆ ಆ ಜಾಗದ ಹದ ಹೋಯಿತೆಂದೇ ಲೆಕ್ಕ.

ಸಾಣೆಗೆ ಕಿರಾಣಿ ಅಂಗಡಿಯ ಕಾರ್ಬೊರಂಡಂ ಕಲ್ಲಿನಿಂದ ಶುರುಮಾಡಿ 1000 ಮತ್ತು 3000 ಗ್ರಿಟ್ಟಿನ ನುಣ್ಣನೆಯ ಕಲ್ಲುಗಳಿಗೆ ಹೋಗಿ, ಪ್ರತಿ ಬದಿ 15ರಿಂದ 20 ಡಿಗ್ರಿ ಕೋನ ಇರಲಿ. ಕೊನೆಗೆ ತೊಗಲಿನ ಪಟ್ಟಿಗೆ ಹಸಿರು ಪಾಲಿಶ್ ಸೋಪು ಸವರಿ ಎಳೆದರೆ ಬಾಯಿಯ ಅಂಚಿಗೆ ಉಳಿದ ಲೋಹದ ತೆಳು ಎಳೆ ಬಿಡುತ್ತದೆ. ಅಥಣಿಯ ಚಪ್ಪಲಿ ಮಾಡುವವರ ಬಳಿ ಸಿಗುವ, ಜಾಲಿ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದಮಾಡಿದ ತೊಗಲು ಇದಕ್ಕೆ ಅತ್ಯುತ್ತಮ, ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಕದಲ್ಲಿ ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಗಳು ಸೇರಿವೆ. ಅದೇ ತೊಗಲಿನಿಂದ ಚಾಕಿಗೆ ಚೀಲ ಹೊಲಿಯಬಹುದು, ಆದರೆ ಅದರೊಳಗೆ ಚಾಕನ್ನು ತಿಂಗಳುಗಟ್ಟಲೆ ಇಡಬೇಡಿ. ಹದದ ಆಮ್ಲ ಮತ್ತು ಹೀರಿದ ತೇವ ಎರಡೂ ಕೂಡಿ ಇಂಗಾಲದ ಉಕ್ಕಿಗೆ ಕಲೆ ಹಿಡಿಸುತ್ತವೆ.

ಮುಂದೆಂದಾದರೂ ಡಿ2 ಅಥವಾ ಒಎಚ್‌ಎನ್‌ಎಸ್ ಎಂಬ, ಡೈ ಅಂದರೆ ಅಚ್ಚುಗಳಿಗೆ ಬಳಸುವ ಉಕ್ಕಿಗೆ ಹೋಗುವ ಮನಸ್ಸಾದರೆ ಕುಲುಮೆಯನ್ನು ನೆಚ್ಚಬೇಡಿ. ಡಿ2ಗೆ 1000 ಡಿಗ್ರಿ ಮೀರಿದ ಕಾವು, ಒಎಚ್‌ಎನ್‌ಎಸ್‌ಗೆ 800ರ ಆಸುಪಾಸಿನಲ್ಲಿ ಕದಲದೆ ನಿಲ್ಲುವ ಕಾವು ಬೇಕು. ಬೆಳಗಾವಿಯ ಉದ್ಯಮಬಾಗದಲ್ಲಿ ಡೈಗಳಿಗೂ ಯಂತ್ರದ ಭಾಗಗಳಿಗೂ ಹದ ಕೊಡುವ ಘಟಕಗಳಿವೆ. ಎರಡು ಅಲಗಿಗಾಗಿ ಅವರು ಫರ್ನೇಸ್ ಹಚ್ಚುವುದಿಲ್ಲ, ಅದೇ ಉಕ್ಕಿನ ಬೇರೆ ಸರಕು ಬಂದ ದಿನ ಜೊತೆಗೆ ಹಾಕಲು ವಿನಂತಿಸಿ. ಕೊಡುವಾಗ ರಂಧ್ರಗಳನ್ನೆಲ್ಲ ಮೊದಲೇ ಕೊರೆದಿರಿ, ಬಾಯಿಯ ಅಂಚನ್ನು ಅರ್ಧ ಮಿಲಿಮೀಟರಿಗಿಂತ ತೆಳ್ಳಗೆ ಮಾಡಿರಬೇಡಿ. ಚೀಟಿಯಲ್ಲಿ ಉಕ್ಕಿನ ಹೆಸರು, ದಪ್ಪ, ಅಲಗಿಗೆ 58ರಿಂದ 60 ರಾಕ್‌ವೆಲ್ ಸಿ (ಗಡಸಿನ ಅಳತೆ) ಎಂದು ಸ್ಪಷ್ಟವಾಗಿ ಬರೆಯಿರಿ. ಮರಳಿ ಪಡೆಯುವಾಗ ಅಲ್ಲಿಯೇ ಗಡಸು ಪರೀಕ್ಷೆ ಮಾಡಿಸಿ. ಯಂತ್ರದ ಮೊನೆ ಒತ್ತುವ ಚುಕ್ಕೆ ಹಿಡಿಯೊಳಗೆ ಮುಚ್ಚಿಹೋಗುವಂತೆ ಅಲಗಿನ ಬುಡದ ಮೇಲೆ, ಕೀಲಿನ ರಂಧ್ರದಿಂದ ಸ್ವಲ್ಪ ದೂರದಲ್ಲಿ, ಜಾಗವನ್ನು ಮಾರ್ಕರಿನಿಂದ ಗುರುತಿಸಿ ಕೊಡಿ.